ಮೂವತ್ತು–ನಲವತ್ತು

ತಿಸಾ ನದಿಯ ಹುಳುಗಳು ಮೊನ್ನೆ ಸಂಜೆ ನೀರಿನಿಂದೆದ್ದು, ಹಾರಿ, ಕೂಡಿ, ಸತ್ತು ಮುಗಿದಿದ್ದವು. ಊರಿನವರು ಇದಕ್ಕೆ ನದಿ ಹೂಬಿಡುವುದು ಎನ್ನುತ್ತಾರೆ. ಈ ಹೂವನ್ನು ನೋಡಲು ಬುಡಾಪೆಸ್ಟಿನಿಂದ ಜನ ಕ್ಯಾಮೆರಾ ನೇತುಹಾಕಿಕೊಂಡು ಬರುತ್ತಾರೆ. ಮೂರು ವರ್ಷ ಕೆಸರಲ್ಲಿದ್ದು ಒಂದೇ ಒಂದು ಸಂಜೆ ಬದುಕುವ ಜೀವವೆಂದು ದೋಣಿಯಲ್ಲಿ ಕೂತು ಲೊಚಗುಟ್ಟಿ, ಕೊನೆಯ ರೈಲಿಗೆ ವಾಪಸಾಗುತ್ತಾರೆ. ಆಮೇಲಿನ ನಾತ ಊರಿನವರ ಪಾಲು. ಬೆಳಿಗ್ಗೆ ಟೆನಿಸ್ ಕ್ಲಬ್ಬಿನ ಗೇಟು ತಳ್ಳಿಕೊಂಡು ಒಳಗೆ ಬಂದ ಓರ್ಶಿಯ ಮೂಗಿಗೆ ಮೊದಲು ಬಡಿದದ್ದು ಅದೇ. ಕೊಳೆತ ಮೀನು, ಒದ್ದೆ ಇಟ್ಟಿಗೆಪುಡಿ, ಅಡುಗೆಮನೆಯ ಕಾದ ಎಣ್ಣೆ ಮೂರೂ ಕಲಸಿದಂಥ ವಾಸನೆ. ಅಂಕಣದ ಕೆಂಪು ಮಣ್ಣಿನ ಅಂಚಿನಲ್ಲಿ ಬೇಲಿಯುದ್ದಕ್ಕೂ ಸತ್ತ ಹುಳುಗಳು ಬಿದ್ದಿದ್ದವು. ಯಾರೋ ಅರ್ಧ ಗುಡಿಸಿ ಪೊರಕೆಯನ್ನು ಅಲ್ಲೇ ಬಿಟ್ಟುಹೋಗಿದ್ದರು. ಅವಳು ಉಗುಳು ನುಂಗಿದಳು. ಈ ಗಾಳಿಯಲ್ಲಿ ಬಾಯಿಗೆ ಬಂದದ್ದನ್ನು ನುಂಗಿದೆನಲ್ಲ ಎಂದು ಹೇಸಿ, ಬೇಲಿಯ ಬುಡದಲ್ಲಿ ಉಗುಳಿದಳು.

"ಕೈಗೆ ಮುತ್ತು!" ಎಂದರು ಯಾರೋ ಹಿಂದಿನಿಂದ.

ಲಿಲ್ಲಾ. ಹದಿನಾರು ವರ್ಷದ ಹುಡುಗಿ, ಇನ್ನರ್ಧ ಗಂಟೆಯಲ್ಲಿ ಓರ್ಶಿಯ ಎದುರು ಆಡಬೇಕಾದವಳು. ಕೈಗೆ ಮುತ್ತು ಎಂಬುದು ಮಕ್ಕಳು ಅಜ್ಜಿಯಂದಿರಿಗೆ, ಟೀಚರಿಗೆ, ಮೆಟ್ಟಿಲ ಮೇಲೆ ಎದುರಾಗುವ ಪಕ್ಕದ ಮನೆಯ ಮುದುಕಿಗೆ ಹೇಳುವ ಮಾತು. ಆಟಗಾರರ ನಡುವೆ ಅದಿಲ್ಲ; ಅಲ್ಲಿ ಎಲ್ಲರೂ ಎಲ್ಲರಿಗೂ ನೀನು.

"ಏನಂದೆ?"

"ಕೈಗೆ ಮುತ್ತು ಅಂದೆ. ನಿದ್ದೆ ಬಂತಾ ನಿಮಗೆ?"

"ನಾನೇನು ನಿಮ್ಮಜ್ಜೀನಾ? ನೀನು ಅನ್ನೇ."

"ಅಯ್ಯೋ, ಬಾಯಿಗೇ ಬರಲ್ಲ. ಅಮ್ಮ ಬೈತಾಳೆ. ನೀವು ಅಮ್ಮಂಗಿಂತ ಎರಡೇ ವರ್ಷ ಚಿಕ್ಕೋರಂತಲ್ಲ." ಹುಡುಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳ ಕಣ್ಣುಗಳು ತೊಳೆದಿಟ್ಟಷ್ಟು ಶುಭ್ರವಾಗಿದ್ದವು. ಓರ್ಶಿಗೆ ಅದೇ ಇನ್ನಷ್ಟು ಉರಿಯಿತು.

ವಿಷಯ ಇಷ್ಟೇ. ಜುಲೈ ತಿಂಗಳಲ್ಲಿ ಬುಡಾಪೆಸ್ಟಿನಲ್ಲಿ ದೊಡ್ಡ ಪಂದ್ಯಾವಳಿ. ರ‍್ಯಾಂಕಿಂಗ್ ಇದ್ದವರು ಮುಂಬಾಗಿಲಿನಿಂದ ಹೋಗುತ್ತಾರೆ. ಇಲ್ಲದವರಿಗೆ ವೈಲ್ಡ್ ಕಾರ್ಡ್ ಎಂಬ ಹಿಂಬಾಗಿಲಿದೆ. ಪಂದ್ಯಾವಳಿಗೆ ದುಡ್ಡು ಹಾಕಿದ ಸೋಡಾ ಕಂಪನಿಯ ಮಾಲೀಕ ಈ ಊರಿನವನಾದ್ದರಿಂದ ಒಂದು ಕಾರ್ಡು ಈ ಕ್ಲಬ್ಬಿನ ಪಾಲಿಗೆ ಬಂದಿತ್ತು. ಅದಕ್ಕೆ ಲಾಯಕ್ಕಾದವರು ಇಬ್ಬರು, ಇಬ್ಬರನ್ನೂ ಚಿಕ್ಕಂದಿನಲ್ಲೇ ಆಟಕ್ಕೆ ಹಚ್ಚಿದವನು ಕ್ಲಬ್ಬಿನ ಕೋಚ್ ಗೇಜಾ ಮಾಮ. ನೀವಿಬ್ಬರೇ ಆಡಿ, ಗೆದ್ದವಳು ತಗೊಳ್ಳಲಿ ಎಂದಿದ್ದ. ಓರ್ಶಿ ಯಾರಿಗೂ ಹೇಳಿರಲಿಲ್ಲ: ಇದೊಂದು ಸಿಕ್ಕರೆ ಸಾಕು, ತನ್ನ ದೇಶದಲ್ಲಿ, ತನ್ನ ಹೆಸರನ್ನು ಸರಿಯಾಗಿ ಕೂಗುವ ಮೈಕಿನ ಮುಂದೆ ಒಂದು ಪಂದ್ಯ ಆಡಿ, ಸೋತಾದರೂ ಸರಿ, ರ‍್ಯಾಕೆಟ್ಟನ್ನು ಅಟ್ಟಕ್ಕೆ ಎಸೆದುಬಿಡುವುದು. ಕಾರ್ಡು ಸಿಗದಿದ್ದರೆ ಎಲ್ಲಿಗೆ ಬಂದು ನಿಲ್ಲುವುದು? ಕಡಲಾಚೆಯ ಮೊನಾಸ್ತಿರಿನ ಚಿಲ್ಲರೆ ಪಂದ್ಯಾವಳಿಯಲ್ಲಿ, ಹೋಟೆಲಿನ ಹಿಂದಿನ ಏಳನೇ ಅಂಕಣದಲ್ಲಿ, ಒಗೆದ ಬಟ್ಟೆ ನೋಡಿಕೊಳ್ಳುತ್ತ ಕೂತ, ಯಾರದೋ ತಾಯಿಯಾದ ಒಬ್ಬಳೇ ಪ್ರೇಕ್ಷಕಿಯ ಎದುರಿಗೆ. ಹೊರದೇಶಗಳಲ್ಲಿ ಅವಳ ಹೆಸರನ್ನು ತಲೆಕೆಳಗು ಮಾಡಿ, ಇಲ್ಲಿ ಮೊದಲು ಬರುವ ಕೆಲೆಮೆನ್ ಎಂಬ ಮನೆತನವನ್ನು ಹಿಂದಕ್ಕೆ ತಳ್ಳಿ, ಓರ್ಶೊಯಾ ಎಂಬುದನ್ನು ಉರ್ಸುಲಾ, ಓರ್ಸೋಲಾ, ಒಮ್ಮೆ ಓರ್ಲಾಂಡೋ ಎಂದೂ ಕೂಗಿದ್ದರು. ದೊಡ್ಡವರ ಪಂದ್ಯಗಳಲ್ಲಿ ಹೀಗೆ ಹದಿನಾರು ವರ್ಷ. ನೂರಾ ಹದಿನೆಂಟನೆಯ ಸ್ಥಾನದವರೆಗೆ ಹತ್ತಿ, ನೂರರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕಾದು ನಿಂತು, ಒಳಗೆ ಯಾರೂ ಕರೆಯದೆ ಇಳಿದುಬಂದವಳು. ಸೋತ ದಿನ ಫೋನು ತೆರೆದರೆ ಪಣ ಕಟ್ಟಿ ಕಳಕೊಂಡವರ ಬೈಗುಳ: ನಿನ್ನ ಕೈ ಕೊಳೆಯಲಿ, ನಿನ್ನ ಹೊಟ್ಟೆಯಲ್ಲಿ ಮಗು ಹುಟ್ಟದಿರಲಿ. ಮೊದಮೊದಲು ಓದಿ ಅಳುತ್ತಿದ್ದಳು, ಆಮೇಲೆ ಓದದೆ ಅಳಿಸುತ್ತಿದ್ದಳು. ಈಗೀಗ ಒಂದೂ ಬಾರದಿದ್ದರೆ, ತನ್ನ ಮೇಲೆ ಪಣ ಕಟ್ಟುವ ಪೆದ್ದರೂ ಉಳಿದಿಲ್ಲವಲ್ಲ ಎಂದು ಕಸಿವಿಸಿಯಾಗುತ್ತಿತ್ತು. ಮನುಷ್ಯಳಾದವಳು ಬೈಗುಳಕ್ಕೂ ಹಸಿದು ಕೂರುವ ಮಟ್ಟಕ್ಕೆ ಇಳಿಯಬಹುದೇ ಎಂದು ಆಗ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಬೂಟು ಹಾಕಿಕೊಳ್ಳುವಾಗ ಬಲಗಾಲಿನ ಹೆಬ್ಬೆರಳಿನ ಉಗುರು ಅಲ್ಲಾಡಿತು. ಕಪ್ಪಗಾಗಿ ಎರಡು ವಾರವಾಗಿತ್ತು, ಬೀಳಲೊಲ್ಲದು, ಬೆಳೆಯಲೊಲ್ಲದು. ಅದರ ಮೇಲೆ ಅಂಟುಪಟ್ಟಿ ಸುತ್ತುತ್ತ ಕೂತಾಗ ಗೇಜಾ ಮಾಮ ಬಂದು ಅವಳ ತೋಳಿನ ಹಿಂಭಾಗದ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಎಪ್ಪತ್ತಾದರೂ ಅವನ ಆ ಅಭ್ಯಾಸ ಹೋಗಿರಲಿಲ್ಲ. ಸಂತೆಯಲ್ಲಿ ಬಾತುಕೋಳಿಯ ಎದೆ ಒತ್ತಿ ನೋಡುವ ಹೆಂಗಸರ ಹಾಗೆ ಹುಡುಗಿಯರ ತೋಳು ಹಿಡಿದು ನೋಡುತ್ತಿದ್ದ.

"ಏನೇ, ಮುದುಕಿ? ಕೊಬ್ಬು ಇದ್ಯಲ್ಲ ಇನ್ನೂ."

"ಬಿಡಿ ಮಾಮ."

"ಆಡು, ಆಡು. ಕೂಸಿನ ಕೈಲಿ ಒದೆ ತಿನ್ಬೇಡ." ನಕ್ಕು ಹೋದ. ಅವನು ಬಿಟ್ಟ ಜಾಗ ತಣ್ಣಗೆ ಉಳಿಯಿತು. ಓರ್ಶಿ ಅಲ್ಲಿಗೆ ಟವೆಲ್ಲಿನ ತುದಿ ಹಾಕಿ ಉಜ್ಜಿದಳು. ಮೂವತ್ತೆರಡು ವರ್ಷದವಳಿಗೆ ಕೈ ಕೊಡವಿ ಮುಟ್ಟಬೇಡಿ ಅನ್ನುವುದು ಅಂಥ ಕಷ್ಟದ ಕೆಲಸವಲ್ಲ. ಆದರೆ ಹತ್ತನೇ ವಯಸ್ಸಿನಲ್ಲಿ ಅನ್ನದಿದ್ದದ್ದನ್ನು ಈಗ ಅಂದರೆ ನಡುವಿನ ಇಪ್ಪತ್ತೆರಡು ವರ್ಷಕ್ಕೆ ಏನು ಅರ್ಥ ಹೇಳುವುದು?

ಮೊದಲ ಸೆಟ್ ಅವಳದು, ಆರು–ಮೂರು. ಎರಡನೆಯದನ್ನು ಹುಡುಗಿ ಆರು–ಎರಡರಲ್ಲಿ ಕಿತ್ತುಕೊಂಡಳು. ಲಿಲ್ಲಾ ಹೊಡೆದ ಚೆಂಡು ನೆಲಕ್ಕೆ ಬಿದ್ದಾಗ ಸದ್ದೇ ಬೇರೆ. ಹಸಿ ಮಾಂಸದ ಮೇಲೆ ಕೊಡತಿ ಬಿದ್ದ ಹಾಗೆ. ಮೂರನೆಯದರಲ್ಲಿ ಓರ್ಶಿ ತನಗೆ ಗೊತ್ತಿದ್ದ ಎಲ್ಲ ಚಿಲ್ಲರೆ ಕುಯುಕ್ತಿಗಳನ್ನೂ ತೆಗೆದಳು: ಹುಡುಗಿ ಸಿದ್ಧಳಾದಾಗ ಬೂಟಿನ ಲೇಸು ಕಟ್ಟುವುದು, ಎತ್ತರದ ಚೆಂಡುಗಳನ್ನು ಒಂದೇ ಸಮ ಹಿಮ್ಮೂಲೆಗೆ ಹಾಕುವುದು, ಅಂಕಗಳ ನಡುವೆ ಟವೆಲ್ಲಿಗೆ ನಡೆದು ಹೋಗಿ ಮುಖವನ್ನಲ್ಲ, ಕಾಲವನ್ನು ಒರೆಸುವುದು. ತನ್ನ ಬೆವರು ತನಗೇ ಹುಳಿಯಾಗಿ ನಾರುತ್ತಿತ್ತು. ತಿಂದ ಬಾಳೆಹಣ್ಣು ಗಂಟಲಿಗೆ ಮತ್ತೆ ಮತ್ತೆ ಬರುತ್ತಿತ್ತು. ನಾಲ್ಕು–ನಾಲ್ಕು. ಲಿಲ್ಲಾಳ ಸರ್ವ್.

ಅಂಪೈರ್ ಇಲ್ಲದ ಆಟದಲ್ಲಿ ಸರ್ವ್ ಮಾಡುವವಳೇ ಪ್ರತಿ ಸಲ ಅಂಕ ಕೂಗಬೇಕು, ತನ್ನದು ಮೊದಲು, ಎದುರಾಳಿಯದು ಆಮೇಲೆ. ತಪ್ಪಿ ಕೂಗಿದರೆ ಎದುರಿನವಳು ಕೈಯೆತ್ತಿ ತಿದ್ದುತ್ತಾಳೆ. ಇದನ್ನು ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ಎಂಟು ವರ್ಷದ ಮಕ್ಕಳೂ, ಸೋತು ಅಳುತ್ತಿರುವಾಗಲೂ, ಮೂಗು ಒರೆಸಿಕೊಂಡು ತಿದ್ದುತ್ತವೆ. ಆ ಗೇಮಿನಲ್ಲಿ ಐದು ಅಂಕ ಆಗಿತ್ತು. ಮೂರು ಲಿಲ್ಲಾಳಿಗೆ, ಎರಡು ಓರ್ಶಿಗೆ. ಅಂದರೆ ಹುಡುಗಿಗೆ ನಲವತ್ತು, ಓರ್ಶಿಗೆ ಮೂವತ್ತು. ಇನ್ನೊಂದು ಅಂಕ ಬಂದರೆ ಗೇಮು ಹುಡುಗಿಯದು. ಲಿಲ್ಲಾ ಚೆಂಡನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿ, ತಲೆಯೆತ್ತಿ, ಗಟ್ಟಿಯಾಗಿ ಕೂಗಿದಳು:

"ಮೂವತ್ತು–ನಲವತ್ತು."

ಕೂಗಿದವಳು ಕೂಡಲೇ ಸರ್ವ್ ಮಾಡಲಿಲ್ಲ. ಉಸಿರು ಎಳೆದುಕೊಳ್ಳುತ್ತಿರುವಂತೆ ಕಂಡಳು. ಓರ್ಶಿ ಬಗ್ಗಿ ನಿಂತಿದ್ದಳು, ರ‍್ಯಾಕೆಟ್ಟು ಕೈಯಲ್ಲಿ ತಿರುಗುತ್ತಿತ್ತು. ಅವಳು ಅಂಕಗಳನ್ನು ಮೊದಲಿನಿಂದ ಎಣಿಸಿದಳು, ತನ್ನ ಲೆಕ್ಕವೇ ತಪ್ಪಿರಲಿ ಎಂಬ ಆಸೆಯಿಂದ. ತಪ್ಪಿರಲಿಲ್ಲ. ಟೆರೇಸಿನ ಮೇಲಿನವರು ಹರಟುತ್ತಿದ್ದರು, ಯಾರ ಗಮನವೂ ಇರಲಿಲ್ಲ; ಗೇಜಾ ಮಾಮನೊಬ್ಬ ಕಂಬಿಗೆ ಮೊಣಕೈ ಊರಿ ನೋಡುತ್ತಿದ್ದ. ಒಂದು ಕೈ ಎತ್ತಿದ್ದರೆ ಸಾಕಿತ್ತು. ನಾನು ಸುಳ್ಳು ಹೇಳುತ್ತಿಲ್ಲ, ಕೂಗಿದವಳು ಅವಳು ಎಂದುಕೊಂಡಳು. ನಾನು ಚೆಂಡು ಹೆಕ್ಕುತ್ತಿದ್ದೆ ಆಂಟಿ, ನಾನು ನೋಡಲಿಲ್ಲ.

ಅದು ಓರ್ಶಿ ಚಿಕ್ಕವಳಿದ್ದಾಗ ಆಡಿದ ಮಾತು; ಇದೇ ಅಂಕಣ, ಆಗ ಬೇಲಿ ಬೇರೆ. ಹದಿನಾಲ್ಕು ವರ್ಷದ ಎಮೋಕೆ, ಓರ್ಶಿಯ ಜೋಡಿ ಆಟಗಾರ್ತಿ, ಒಂದೇ ಮಂಚದಲ್ಲಿ ತಲೆ–ಕಾಲು ಮಾಡಿ ಮಲಗುತ್ತಿದ್ದವಳು, ಹಿಂದಿನ ದಿನ ಕದ್ದು ಕರಿದ ರೊಟ್ಟಿ ತಿಂದಳೆಂದು ಮಟಮಟ ಮಧ್ಯಾಹ್ನ ಎರಡು ಸ್ವೆಟರು ಹಾಕಿಕೊಂಡು ಓಡುತ್ತಿದ್ದಳು. ಎಷ್ಟು ಸುತ್ತು ಎಂದು ಓಡಲು ಹಚ್ಚಿದ ಗೇಜಾ ಮಾಮ ಹೇಳಿರಲಿಲ್ಲ. ಓಡುತ್ತ ಓಡುತ್ತ ಬೆಂಚಿನ ಹತ್ತಿರ ಬಂದು ನೀರಿನ ಬಾಟಲಿ ತೆಗೆದಾಗ ಗೇಜಾ ಮಾಮ ಅದನ್ನು ಅವಳ ಕೈಯಿಂದ ಕಿತ್ತು, ಏನೂ ಸಿಟ್ಟಿಲ್ಲದೆ, ಹೂಕುಂಡಕ್ಕೆ ಹೊಯ್ಯುವಂತೆ ಮಣ್ಣಿಗೆ ಸುರಿದ. ಮಣ್ಣು ಕಪ್ಪಾಗಿ ಮತ್ತೆ ಕೆಂಪಾಯಿತು. ಮುಂದಿನ ಸುತ್ತಿನಲ್ಲಿ ಎಮೋಕೆ ಅಂಕಣ ಸಮಮಾಡುವ ಕಬ್ಬಿಣದ ರೋಲರಿನ ಮೇಲೆ ಬಿದ್ದಳು. ಕಿವಿಯಿಂದ ರಕ್ತ. ಸಂಜೆ ಅವಳಮ್ಮ ಬಂದು ಓರ್ಶಿಯ ಮುಂದೆ ಮಂಡಿಯೂರಿ ಎರಡೂ ಕೈ ಹಿಡಿದು ಕೇಳಿದಳು: "ಹೇಳು ಕಂದ, ತಾನೇ ತೂಕ ಇಳಿಸ್ಕೊಳ್ಳೋಕೆ ಸ್ವೆಟರ್ ಹಾಕ್ಕೊಂಡ್ಲು, ನೀರು ಬೇಡ ಅಂದ್ಲು ಅಂತಾರಲ್ಲ ಅವರು, ಹೌದಾ? ನೀನಿದ್ಯಲ್ಲ ಅಲ್ಲಿ?" ಓರ್ಶಿ ಚೆಂಡು ಹೆಕ್ಕುತ್ತಿದ್ದಳಂತೆ, ನೋಡಲಿಲ್ಲವಂತೆ. ಎಮೋಕೆಗೆ ಒಂದು ಕಿವಿ ಹೋಯಿತು, ಆಟ ಹೋಯಿತು. ವಾರದ ಮೇಲೆ ಪ್ರಾಗ್ ಪಂದ್ಯಾವಳಿಗೆ ಹೊರಟ ವ್ಯಾನಿನಲ್ಲಿ ಎಮೋಕೆಯ ಸೀಟು ಓರ್ಶಿಗೆ ಬಂತು. ಮುಂದಿನ ಸೀಟಿನ ಚೀಲದಲ್ಲಿ ಅವಳು ಬಿಟ್ಟಿದ್ದ ಅರ್ಧ ಪೊಟ್ಟಣ ಸೂರ್ಯಕಾಂತಿ ಬೀಜ ಇತ್ತು. ಓರ್ಶಿ ಗಡಿ ದಾಟುವ ತನಕ ಒಂದೊಂದೇ ಕಚ್ಚಿ, ಸಿಪ್ಪೆಯನ್ನು ಅಂಗೈಗೆ ಉಗುಳುತ್ತ, ಪೂರ್ತಿ ತಿಂದಳು. ತುಟಿ ಉಪ್ಪಿಗೆ ಉರಿದರೂ ನಿಲ್ಲಿಸಲಿಲ್ಲ. ಅವಳು ಆಡಿದ ಮೊದಲ ಹೊರದೇಶದ ಪಂದ್ಯ ಅದು, ಗೆದ್ದಳು ಕೂಡ.

ಲಿಲ್ಲಾ ಸರ್ವ್ ಮಾಡಿದಳು. ಎರಡೇ ಹೊಡೆತ, ಮೂರನೆಯದನ್ನು ಹುಡುಗಿ ನೆಟ್ಟಿಗೆ ಹಾಕಿದಳು, ಎಳೆಯ ಮಕ್ಕಳೂ ಹಾಕದಷ್ಟು ಕೆಳಗೆ. ಐದು–ನಾಲ್ಕು, ಓರ್ಶಿ ಮುಂದೆ. ಓರ್ಶಿಯ ಸರ್ವಿನ ಗೇಮಿನಲ್ಲಿ ಹುಡುಗಿ ಹೊಡೆದ ನಾಲ್ಕು ಚೆಂಡು ಬೇಲಿಯ ಕಡೆಗೆ ಹೋದವು. ಎಲ್ಲ ಮುಗಿದು ನೆಟ್ಟಿನ ಬಳಿ ಕೈ ಕೊಟ್ಟಾಗ ಹುಡುಗಿಯ ಅಂಗೈ ಒಣಗಿತ್ತು. ಟೆರೇಸಿನ ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಓರ್ಶಿ ಗೆದ್ದವರು ಮಾಡುವಂತೆ ರ‍್ಯಾಕೆಟ್ಟನ್ನು ಒಮ್ಮೆ ಮೇಲೆತ್ತಿದಳು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆವರು ಒರೆಸಿಕೊಂಡಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಲಿಲ್ಲಾ ಬೆಂಚಿನ ಮೇಲೆ ಕೂತು ಕಾಲುಚೀಲದಿಂದ ಕೆಂಪು ಮಣ್ಣು ಕೊಡವುತ್ತಿದ್ದಳು. ಓರ್ಶಿ ನಲ್ಲಿಯ ಕೆಳಗೆ ತಲೆ ಹಿಡಿದು, ನೀರು ಕಿವಿಯೊಳಗೆ ಹೋಗುವವರೆಗೆ ನಿಂತು, ಮುಖ ಒರೆಸದೆಯೇ ಹೇಳಿದಳು.

"ನಾಲ್ಕು–ನಾಲ್ಕರಲ್ಲಿ ನೀನು ಅಂಕ ತಪ್ಪು ಕೂಗಿದೆ. ನಲವತ್ತು ನಿಂದಿತ್ತು."

"ಗೊತ್ತು."

"ಗೊತ್ತು ಅಂದ್ರೆ?"

ಹುಡುಗಿ ಕಾಲುಚೀಲವನ್ನು ಒಳಗು ಹೊರಗು ಮಾಡಿದಳು. "ಗೇಜಾ ಮಾಮ ಮೊನ್ನೆ ಕರೆದು, ಕಾರ್ಡು ಓರ್ಶಿಗೆ ಹೋಗ್ಲಿ, ಅವಳು ಬಾಯಿಬಿಟ್ಟು ಹೇಳ್ದಿದ್ರೂ ಅವಳಿಗೆ ಇದೇ ಕೊನೇದು, ಸೋಡಾದವರಿಗೆ ಬೀಳ್ಕೊಡುಗೆ ಫೋಟೋ ಬೇಕಂತೆ, ನಿಂಗೆ ಮುಂದಿನ ವರ್ಷ ಇದ್ದೇ ಇದೆ ಅಂದ್ರು. ನಾನು ಸೋಲಲ್ಲ ಅಂದೆ. ನಮ್ಮಪ್ಪ ಬಂದು ಹೇಳಿದ್ರೂ ಸೋಲಲ್ಲ ಅಂದೆ. ಅದಕ್ಕೆ ನಕ್ಕುಬಿಟ್ಟು, ಸರಿ ಹಾಗಾದ್ರೆ ಒಂದು ಪಣ ಕಟ್ಟೋಣ ಅಂದ್ರು."

"ಏನು ಪಣ?"

"ಮೂರನೇ ಸೆಟ್ಟಲ್ಲಿ ಒಂದ್ಸಲ ಅಂಕಾನ ನಿಮ್ಮ ಕಡೆಗೆ ತಪ್ಪು ಕೂಗ್ಬೇಕು. ನೀವು ತಿದ್ದಿದ್ರೆ ನಾನು ಜೀವ ಬಿಟ್ಟು ಆಡ್ಬಹುದು, ಗೆದ್ರೆ ಕಾರ್ಡು ನಂದು. ನೀವು ಸುಮ್ನಿದ್ರೆ ಬಿಟ್ಕೊಡ್ಬೇಕು."

"ನೀನು ಒಪ್ಕೊಂಡೆ."

"ನೀವು ತಿದ್ತೀರಿ ಅಂತ ಖಾತ್ರಿ ಇತ್ತು ನಂಗೆ. ಅದಕ್ಕೇ ಒಪ್ಕೊಂಡೆ." ಲಿಲ್ಲಾ ಕಾಲುಚೀಲವನ್ನು ಬೆಂಚಿನ ಮೇಲೆ ಎಸೆದಳು. "ಕೂಗಿ ಕಾಯ್ತಾ ನಿಂತೆ. ನೋಡಿದ್ರಲ್ಲ, ಎಷ್ಟು ಹೊತ್ತು ನಿಂತೆ! ಆಮೇಲೆ ಚೆಂಡು ಹೊರಗೆ ಹೊಡೀತಾ ಹೋದೆ. ಬೇಕಂತ ಹೊರಗೆ ಹೊಡೆಯೋದು ಎಷ್ಟು ಸುಲಭ ಅಂತ ಇವತ್ತೇ ಗೊತ್ತಾಗಿದ್ದು."

"ಅವರೇನಂದ್ರು? ನನ್ನ ಬಗ್ಗೆ."

"ಬಿಡಿ."

"ಹೇಳೇ."

"'ಓರ್ಶಿ ಬಾಯಿ ಬಿಡೋಳಲ್ಲ, ಅವಳನ್ನ ಬೆಳೆಸಿದೋನು ನಾನು' ಅಂದ್ರು."

ನಲ್ಲಿ ತೊಟ್ಟಿಕ್ಕುತ್ತಿತ್ತು. ಓರ್ಶಿಗೆ ಮೊದಲು ಬಂದದ್ದು ಕೋಪವಲ್ಲ, ಒಂದು ಬಗೆಯ ಸಮಾಧಾನ; ಕದ್ದದ್ದಲ್ಲವಲ್ಲ, ಕೊಟ್ಟದ್ದಲ್ಲವೇ ಎಂಬ ಹಲ್ಕಾ ಸಮಾಧಾನ. ಅದು ತನ್ನೊಳಗೆ ಅಷ್ಟು ಬೇಗ, ಕರೆಯದೆಯೇ, ಬಾಲ ಅಲ್ಲಾಡಿಸುತ್ತ ಬಂದದ್ದನ್ನು ಕಂಡು ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ಇಷ್ಟು ವರ್ಷ ಅವಳು ತನ್ನ ಮೌನವನ್ನು ತನ್ನೊಬ್ಬಳ ಗುಟ್ಟೆಂದು, ತನ್ನ ಎದೆಯ ಹುಣ್ಣೆಂದು ಸಾಕಿದ್ದಳು. ಅದು ಗುಟ್ಟೇ ಆಗಿರಲಿಲ್ಲ. ಅದನ್ನು ಇನ್ನೊಬ್ಬ ತೂಗಿ ನೋಡಿ, ನಂಬಿ, ಅದರ ಮೇಲೆ ಪಣ ಕಟ್ಟಿ ಗೆದ್ದಿದ್ದ. ಒದ್ದೆ ತಲೆಯಲ್ಲಿಯೇ ಅವಳು ಹೊರಗೆ ಹೋದಳು. ಎಲ್ಲರೆದುರು ಹೇಳಿಬಿಡುವುದು. ಒಂದು ಸಲವಾದರೂ ಅವನ ಲೆಕ್ಕ ತಪ್ಪಲಿ.

ಟೆರೇಸಿನಲ್ಲಿ ಮೇಜು ಹಾಕಿದ್ದರು. ಹಂದಿಯ ನೆಣ ಬಳಿದ ಬ್ರೆಡ್ಡಿನ ಮೇಲೆ ಹಸಿ ಈರುಳ್ಳಿಯ ಬಿಲ್ಲೆಗಳು, ವೈನಿಗೆ ಸೋಡಾ ಬೆರೆಸಿದ ಲೋಟಗಳು. ಗೋಡೆಗೆ ಆಗಲೇ ಅವಳ ದೊಡ್ಡ ಪಟ ತೂಗುಬಿಟ್ಟಿದ್ದರು, ಒಂಬತ್ತು ವರ್ಷದ ಹಿಂದಿನ ಮುಖ, ಅಡಿಯಲ್ಲಿ ಸೋಡಾ ಬಾಟಲಿ. ಇಂದು ಬೆಳಿಗ್ಗೆ ಅಚ್ಚಾದದ್ದಲ್ಲ ಅದು. ಸೋಡಾ ಮಾಲೀಕ ಎದ್ದು ಕೈ ಕುಲುಕಿದ. ಕ್ಲಬ್ಬಿನ ಕಾರ್ಯದರ್ಶಿ ಪಿರೋಶ್ಕಾ ಅತ್ತೆ ಕಾಗದ ಪೆನ್ನು ಮುಂದೆ ಸರಿಸಿದಳು. "ಇಲ್ಲೊಂದು ಸಹಿ ಹಾಕು ಮರಿ. ಎರಡೂವರೆಯೊಳಗೆ ಕಳಿಸ್ಬೇಕು."

"ಆಟದಲ್ಲಿ ಅಂಕ ತಪ್ಪಿತ್ತು," ಎಂದಳು ಓರ್ಶಿ, ಎಲ್ಲರಿಗೂ ಕೇಳುವಂತೆ. "ನಾಲ್ಕು–ನಾಲ್ಕರಲ್ಲಿ. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ."

ಒಂದು ಕ್ಷಣ ಎಲ್ಲರೂ ಗೇಜಾ ಮಾಮನ ಮುಖ ನೋಡಿದರು. ಅವನು ತೊಡೆ ತಟ್ಟಿ ನಕ್ಕ. "ನೋಡಿದ್ರಾ ಪ್ರಾಮಾಣಿಕತೆ! ಗೆದ್ದು, ಸ್ನಾನ ಮಾಡಿ, ಆಮೇಲೆ ಬಂದು ಹೇಳ್ತಾಳೆ!" ಮಾಲೀಕನೂ ನಕ್ಕ. ಪಿರೋಶ್ಕಾ ಅತ್ತೆ, ಪಾಪ, ನಗುವುದೋ ಬೇಡವೋ ಎಂದು ನೋಡಿ ನಕ್ಕಳು. ನಿಜ ಹೇಳಿದ್ದು ಜೋಕಾಗಿ ಮುಗಿದುಹೋಯಿತು. ಓರ್ಶಿಯ ಕಿವಿ ಬಿಸಿಯಾಯಿತು. ಹಾಗಾದರೆ ಬೆಲೆಯಿರುವ ನಿಜ ಇದಲ್ಲ, ಇನ್ನೊಂದು.

"ಮಾಮ, ಎಮೋಕೆ ಕೈಯಿಂದ ಬಾಟಲಿ ಕಿತ್ಕೊಂಡು ನೀರು ಚೆಲ್ಲಿದ್ರಿ ನೀವು. ನಾನು ನೋಡ್ದೆ. ಅವರಮ್ಮ ಮಂಡಿಯೂರಿ ಕೇಳಿದ್ರು. ನೋಡ್ಲಿಲ್ಲ ಅಂದೆ."

ಯಾರೂ ನಗಲಿಲ್ಲ. ಗೇಜಾ ಮಾಮ ಬಾಯಲ್ಲಿದ್ದ ತುತ್ತನ್ನು ಅಗಿದು ಮುಗಿಸಿದ. ಹಣೆಯಲ್ಲಿ ಗೆರೆ ಮೂಡಿತು.

"ಯಾವ ಎಮೋಕೆ?"

ಅವಳು ಅವನ ಮುಖವನ್ನೇ ನೋಡಿದಳು, ನಾಟಕದ ಒಂದು ಎಳೆ ಸಿಗಬಹುದೆಂದು. ಸಿಗಲಿಲ್ಲ. ಮುದುಕ ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೆಣಗುತ್ತಿದ್ದ. "ಪಿರೋಶ್ಕಾ, ನಮ್ಮಲ್ಲಿ ಎಮೋಕೆ ಅಂತ ಇದ್ಲಾ?"

"ಎಷ್ಟು ಹುಡುಗೀರು ಬಂದು ಹೋದ್ರೋ ಏನೋ," ಎಂದಳು ಪಿರೋಶ್ಕಾ ಅತ್ತೆ, ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಅಂಗೈಯಿಂದ ಒಟ್ಟುಮಾಡುತ್ತ. ಅಂದು ಒದ್ದೆ ಬಟ್ಟೆ ತಂದು ಕಿವಿಗೆ ಒತ್ತಿಹಿಡಿದವಳು ಅವಳೇ.

"ಬಿಸಿಲು ಹತ್ತಿದೆ ಇವಳಿಗೆ," ಎಂದ ಗೇಜಾ ಮಾಮ ಮಾಲೀಕನಿಗೆ, ಮೃದುವಾಗಿ. "ಕೂತ್ಕೋ ಓರ್ಶಿ. ಸಹಿ ಹಾಕು, ಏನಾದ್ರೂ ತಿನ್ನು."

ಕಾಗದದ ಮೇಲೆ ಗೆರೆಯಿತ್ತು, ಮೊದಲು ಮನೆತನ, ಆಮೇಲೆ ಹೆಸರು. ಬೇಡ ಎನ್ನಬಹುದಿತ್ತು. ಎರಡಕ್ಷರ. ಮಾಲೀಕ ಕಾಯುತ್ತಿದ್ದ, ಪಿರೋಶ್ಕಾ ಅತ್ತೆ ಗಡಿಯಾರ ನೋಡಿದಳು. ಗೇಜಾ ಮಾಮ ಮಾತ್ರ ನೋಡಲೇ ಇಲ್ಲ, ಈರುಳ್ಳಿಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದ. ಓರ್ಶಿ ಪೆನ್ನು ತೆಗೆದುಕೊಂಡು ಒಂದೊಂದು ಅಕ್ಷರವನ್ನೂ ದುಂಡಗೆ ಬರೆದಳು. ಆಮೇಲೆ ಗೇಜಾ ಮಾಮ ಒಂದು ತುಂಡು ಬ್ರೆಡ್ಡಿಗೆ ಉಪ್ಪು ಉದುರಿಸಿ ಅವಳ ಕೈಗಿಟ್ಟ. ಬೆಳಗಿನಿಂದ ಒಂದು ಬಾಳೆಹಣ್ಣು ಬಿಟ್ಟರೆ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಅವಳಿಗೆ ಹಸಿವಾಗಿತ್ತು. ತಿಂದಳು.